ಅಭ್ಯರ್ಥಿಯ ಆಸ್ತಿ ವಿವರ ಮತ್ತು ಮತದಾರನ ನಂಬಿಕೆ

ಮತವೆಂಬುದು ಪ್ರಜೆಯು ತನ್ನ ಪ್ರತಿನಿಧಿಗೆ ಐದು ವರ್ಷಗಳ ಅವಧಿಗೆ ಒಪ್ಪಿಸುವ ಅಧಿಕಾರ. ಅದನ್ನು ಒಪ್ಪಿಸುವ ಮುನ್ನ ಅಭ್ಯರ್ಥಿಯ ಆಸ್ತಿ, ಸಾಲಗಳ ವಿವರವನ್ನು ತಿಳಿಯಬೇಕೆ, ಅಥವಾ ಆತನ ಒಳ್ಳೆಯ ಹೆಸರನ್ನು ನಂಬಿದರೆ ಸಾಕೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಲ್ಲಿ ಹೆಸರಿಗೆ ಬೆಲೆಯುಂಟು. ಕುಂದಾಪುರ ಕ್ಷೇತ್ರವು ಹಾಲಾಡಿ ಶ್ರೀನಿವಾಸ ಶೆಟ್ಟಿಯವರನ್ನು 1999ರಿಂದ 2018ರ ವರೆಗೆ ಸತತವಾಗಿ ಐದು ಬಾರಿ ಆರಿಸಿತು. 2013ರಲ್ಲಿ ಪಕ್ಷೇತರರಾಗಿ ನಿಂತಾಗಲೂ ಅವರೇ ಗೆದ್ದರು. ವೈಯಕ್ತಿಕ ವಿಶ್ವಾಸದ ಬಲಕ್ಕೆ ಇದು ನಿದರ್ಶನ. ಆದರೆ ಎಲ್ಲ ಅಭ್ಯರ್ಥಿಗಳನ್ನೂ ಹೀಗೆ ಹತ್ತಿರದಿಂದ ಅರಿಯುವುದು ಸಾಧ್ಯವಿಲ್ಲ. 2008ರ ಪುನರ್ವಿಂಗಡಣೆಯಲ್ಲಿ ಬ್ರಹ್ಮಾವರ ವಿಧಾನಸಭಾ ಕ್ಷೇತ್ರವೇ ಇಲ್ಲವಾಗಿ, ಅದರ ಗ್ರಾಮಗಳು ನೆರೆಯ ಕ್ಷೇತ್ರಗಳಿಗೆ ಸೇರಿದವು. ಬೈಂದೂರಿನ ಮತದಾರನು ಲೋಕಸಭೆಗೆ ಮತ ನೀಡುವುದು ಘಟ್ಟದ ಮೇಲಿನ ಶಿವಮೊಗ್ಗ ಕ್ಷೇತ್ರದಲ್ಲಿ. ಪರಿಚಯವಿಲ್ಲದೆಡೆ ನಂಬಿಕೆಗೆ ಬೇರೊಂದು ಆಧಾರ ಬೇಕು.

ಆ ಆಧಾರವನ್ನು ಒದಗಿಸಿದುದು ಸರ್ವೋಚ್ಚ ನ್ಯಾಯಾಲಯ. ಅಭ್ಯರ್ಥಿಯ ಆಸ್ತಿ, ಸಾಲ, ವಿದ್ಯಾರ್ಹತೆ ಹಾಗೂ ಕ್ರಿಮಿನಲ್ ಪ್ರಕರಣಗಳನ್ನು ತಿಳಿಯುವುದು ಮತದಾರನ ಹಕ್ಕೆಂದು ಅದು 2002ರ ಮೇ 2ರಂದು ತೀರ್ಪಿತ್ತಿತು. ಇದನ್ನು ಮೊಟಕುಗೊಳಿಸಲು ಸಂಸತ್ತು ಮಾಡಿದ ತಿದ್ದುಪಡಿಯನ್ನು 2003ರ ಮಾರ್ಚ್ 13ರಂದು ರದ್ದುಪಡಿಸಿತು. ಅಂದಿನಿಂದ ಪ್ರತಿಯೊಬ್ಬ ಅಭ್ಯರ್ಥಿಯೂ ತನ್ನ, ಪತಿ ಅಥವಾ ಪತ್ನಿಯ ಹಾಗೂ ಅವಲಂಬಿತರ ನಗದು, ಠೇವಣಿ, ಒಡವೆ, ಭೂಮಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ನಮೂದಿಸಬೇಕು. 2018ರ ತೀರ್ಪಿನಿಂದ ಆದಾಯದ ಮೂಲವನ್ನು ತಿಳಿಸುವುದೂ ಕಡ್ಡಾಯವಾಯಿತು.

ವಿವರ ಕೇಳುವುದು ಸಜ್ಜನರನ್ನು ಶಂಕಿಸಿದಂತೆ ಎಂಬ ಆಕ್ಷೇಪವುಂಟು. ಆದರೆ ಈ ಸೀಮೆಗೆ ‘ಡಿಕ್ಲರೇಶನ್’ ಎಂಬ ಮಾತು ಹೊಸದಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಂತೆ, ಗೇಣಿ ಒಕ್ಕಲು 7ನೆಯ ನಮೂನೆಯಲ್ಲಿ ತನ್ನ ಸಾಗುವಳಿಯ ವಿವರವನ್ನು ಭೂ ನ್ಯಾಯಮಂಡಳಿಗೆ ಸಲ್ಲಿಸಿ, ವಿಚಾರಣೆಯನ್ನು ಎದುರಿಸಬೇಕಾಯಿತು. ಅದು ಆತನಿಗೆ ಅಪಮಾನವೆನಿಸಲಿಲ್ಲ. ಹಕ್ಕು ದೊರೆತುದೇ ಆ ಮೂಲಕ. ತುಂಡು ಗದ್ದೆಯನ್ನು ಬಯಸಿದವನಿಗೆ ಸಲ್ಲುವ ನಿಯಮವು, ಸಾರ್ವಜನಿಕ ಬೊಕ್ಕಸದ ಮೇಲಣ ಅಧಿಕಾರವನ್ನು ಬಯಸುವವನಿಗೆ ಸಲ್ಲದೆ? ಹಾಗೆಂದು ಖಾಸಗಿ ಬದುಕಿಗೆ ರಕ್ಷಣೆಯೇ ಇಲ್ಲವೆಂದಲ್ಲ. ಹೆಚ್ಚಿನ ಮೌಲ್ಯವಿಲ್ಲದ ಪ್ರತಿಯೊಂದು ಚರ ವಸ್ತುವನ್ನೂ ಘೋಷಿಸಬೇಕಾಗಿಲ್ಲವೆಂದು ಅದೇ ನ್ಯಾಯಾಲಯ 2024ರಲ್ಲಿ ಸ್ಪಷ್ಟಪಡಿಸಿದೆ.

ಘೋಷಣೆಯೊಂದೇ ಪ್ರಾಮಾಣಿಕತೆಗೆ ಸಾಕ್ಷಿಯಲ್ಲವೆಂಬುದೂ ನಿಜ. ಚುನಾವಣಾಧಿಕಾರಿ ಪ್ರತಿಯೊಂದು ಅಂಕಿಯ ಸತ್ಯಾಸತ್ಯತೆಯನ್ನು ತನಿಖೆ ಮಾಡುವುದಿಲ್ಲ. ಸುಳ್ಳು ಪ್ರಮಾಣಪತ್ರಕ್ಕೆ ಕಾನೂನು ವಿಧಿಸುವ ಸೆರೆವಾಸ ಗರಿಷ್ಠ ಆರು ತಿಂಗಳು. ದಂಡದಿಂದಷ್ಟೇ ಪಾರಾಗುವುದಕ್ಕೂ ಅವಕಾಶವಿದೆ. ಆದುದರಿಂದ ಈ ಪತ್ರದ ನಿಜವಾದ ಬಲವಿರುವುದು ಅದನ್ನು ಓದುವ ಮತದಾರನಲ್ಲಿ. ಒಬ್ಬನೇ ವ್ಯಕ್ತಿ ಎರಡು ಚುನಾವಣೆಗಳಲ್ಲಿ ಸಲ್ಲಿಸಿದ ಪತ್ರಗಳನ್ನು ಎದುರುಬದುರಾಗಿಟ್ಟು ನೋಡಿದರೆ, ಅಧಿಕಾರದಲ್ಲಿದ್ದಾಗ ಸಂಪತ್ತು ಎಷ್ಟು ಬೆಳೆಯಿತು, ಘೋಷಿತ ಆದಾಯ ಅದಕ್ಕೆ ಹೊಂದುವುದೆ ಎಂಬುದು ಗೋಚರಿಸುತ್ತದೆ. ಗೆದ್ದ ಶಾಸಕರು ಪ್ರತಿವರ್ಷ ಜೂನ್ 30ರೊಳಗೆ ಲೋಕಾಯುಕ್ತರಿಗೆ ಆಸ್ತಿ ವಿವರ ಸಲ್ಲಿಸಬೇಕೆಂದು ಕರ್ನಾಟಕ ಲೋಕಾಯುಕ್ತ ಕಾಯಿದೆ, 1984 ವಿಧಿಸಿರುವುದೂ ಈ ದೃಷ್ಟಿಯಿಂದಲೇ.

ಹದಿನೆಂಟು ತುಂಬಿ ಮತದಾನಕ್ಕೆ ಅರ್ಹರಾಗಲಿರುವ ವಿದ್ಯಾರ್ಥಿಗಳು ತಮ್ಮ ಕ್ಷೇತ್ರದ ಅಭ್ಯರ್ಥಿಗಳ ಪ್ರಮಾಣಪತ್ರಗಳನ್ನು ಓದುವ ಅಭ್ಯಾಸವನ್ನು ಈಗಲೇ ರೂಢಿಸಿಕೊಳ್ಳಬೇಕು. ಚುನಾವಣಾ ಆಯೋಗವು ಅವನ್ನು ಎಲ್ಲರಿಗೂ ದೊರೆಯುವಂತೆ ಪ್ರಕಟಿಸುತ್ತದೆ. ಲೆಕ್ಕ ತೋರಿಸಲು ಹಿಂಜರಿಯದವನಿಗೇ ನಂಬಿಕೆ ಸಲ್ಲತಕ್ಕದ್ದು. ಲೆಕ್ಕವನ್ನು ಓದಿ ನೋಡುವ ಹೊಣೆ ಮಾತ್ರ ಮತದಾರನದು.