ದುಡ್ಡು ಕೊಟ್ಟ ಮಾತ್ರಕ್ಕೆ ಸದ್ದು ಮಾಡಬಹುದೇ?

ಪ್ರಶ್ನೆ: ಕ್ಯಾಂಪ್‌ಸೈಟಿಗೆ ದುಡ್ಡು ಕೊಟ್ಟೇ ಹೋಗಿರುತ್ತೇವೆ. ರಾತ್ರಿ ಟೆಂಟ್ ಪಕ್ಕ ಜನರೇಟರ್ ಹಾಕಿಕೊಂಡರೆ ತಪ್ಪೇನು?

ಉತ್ತರ: ತಪ್ಪಿದೆ. ನೀವು ಬಾಡಿಗೆ ಕೊಟ್ಟಿದ್ದು ಟೆಂಟಿನ ಜಾಗಕ್ಕೆ. ಸದ್ದು ಆ ಗಡಿಯೊಳಗೆ ನಿಲ್ಲುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹಾಕಿರುವ ಮಿತಿ 45 ಡೆಸಿಬೆಲ್. ಅದನ್ನೇ ಅಳತೆಗೋಲಾಗಿ ಹಿಡಿಯೋಣ. ಡೀಸೆಲ್ ಜನರೇಟರುಗಳಿಗೆ ಒಂದು ಮೀಟರ್ ದೂರದಲ್ಲಿ 75 ಡೆಸಿಬೆಲ್‌ವರೆಗೆ ಅವಕಾಶವಿದೆ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ; ಎಂದರೆ 75 ಇದ್ದದ್ದು 45ಕ್ಕೆ ಬರಲು ಸುಮಾರು 32 ಮೀಟರ್ ಬೇಕು. ಪಕ್ಕದ ಟೆಂಟ್ ಸಾಮಾನ್ಯವಾಗಿ ಅದಕ್ಕಿಂತ ಬಹಳ ಹತ್ತಿರ, ನಡುವೆ ಗೋಡೆಯಿಲ್ಲ, ಬರೀ ಬಟ್ಟೆ.

‘ನಮ್ಮದು ಇನ್ವರ್ಟರ್ ಜನರೇಟರ್, ಸದ್ದು ಕಡಿಮೆ’ ಎನ್ನಬಹುದು. ನಿಜ, ಆದರೆ ಫ್ರಿಜ್, ಕೆಟಲ್ ಎಂದು ಹೊರೆ ಹೇರಿದಂತೆ ಅದರ ಎಂಜಿನ್ನೂ ಜೋರಾಗುತ್ತದೆ. ಉಸಿರಾಟದ ಯಂತ್ರ ಬೇಕಾದವರ ಅಗತ್ಯ ಬೇರೆಯೇ. ಆದರೂ ಅವರಿಗೆ ಹಗಲು ಚಾರ್ಜ್ ಮಾಡಿಟ್ಟ ಬ್ಯಾಟರಿಯೇ ಮೇಲು, ಏಕೆಂದರೆ ಜನರೇಟರ್ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಮಲಗಿದವರ ಜೀವ ತೆಗೆಯಬಲ್ಲದು. ಹಗಲಲ್ಲಿ ಒಂದೆರಡು ಗಂಟೆ, ಅಕ್ಕಪಕ್ಕದವರನ್ನು ಕೇಳಿ, ಟೆಂಟುಗಳಿಂದ ದೂರವಿಟ್ಟು ಓಡಿಸಿ. ರಾತ್ರಿ ಊಟವಾದ ಮೇಲೆ ಆಫ್ ಮಾಡಿಬಿಡಿ.