ತಿರುಗಿಸಿದರೆ ಕುಂಯ್, ತಗ್ಗಿಗೆ ಇಳಿದರೆ ಕಟಕಟ

ನೀವು ಬರೆದಿರುವುದು ಎರಡು ಬೇರೆ ಬೇರೆ ತೊಂದರೆ. ಅಮರಗೋಳ ಎಪಿಎಂಸಿಯಲ್ಲಿ ಉಳ್ಳಾಗಡ್ಡಿ ಇಳಿಸಿ ಪಿಕಪ್ ಹೊರಳಿಸುವಾಗ ಬರುವ ಕುಂಯ್ ಸದ್ದಿಗೆ ಮೊದಲು ಪವರ್ ಸ್ಟೀರಿಂಗ್ ಆಯಿಲ್ ಡಬ್ಬಿ ನೋಡಿ. ಮಟ್ಟ ಇಳಿದಿದ್ದರೆ ಎಲ್ಲೋ ಸೋರುತ್ತಿದೆ; ನೊರೆ ಕಂಡರೆ ಪೈಪು ಗಾಳಿ ಎಳೆಯುತ್ತಿದೆ, ಕ್ಲಿಪ್ ಬಿಗಿ ಮಾಡಿಸಿ. ಗಾಡಿಯ ಪುಸ್ತಕದಲ್ಲಿ ಹೇಳಿದ ಆಯಿಲ್ಲನ್ನೇ ಹಾಕಿ. ಬ್ರೇಕ್ ಆಯಿಲ್ ಬೇಡವೇ ಬೇಡ, ಸೀಲುಗಳು ಹಾಳಾಗುತ್ತವೆ.

ನನಗೆ ಚಿಂತೆ ಹಚ್ಚಿದ್ದು ಆ ಕಟಕಟ. ನವಲಗುಂದದ ಎರೆಹೊಲದ ದಾರಿಯಲ್ಲಿ ಕೆಸರು ಟೈ ರಾಡ್ ಎಂಡಿನ, ಅಂದರೆ ಸ್ಟೀರಿಂಗನ್ನು ಗಾಲಿಗೆ ಜೋಡಿಸುವ ಕೀಲಿನ, ರಬ್ಬರಿಗೆ ಮೆತ್ತಿ, ಒಣಗಿ ಗಟ್ಟಿಯಾಗುತ್ತದೆ. ರಬ್ಬರ್ ಹರಿದರೆ ನೀರು ನುಗ್ಗಿ ಗ್ರೀಸ್ ತೊಳೆದುಹೋಗಿ ಒಳಗಿನ ಗುಂಡು ಸವೆಯುತ್ತದೆ. ಇಂಜಿನ್ ಬಂದ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಗಾಲಿಗೆ ಕಲ್ಲು ಕೊಡಿ. ಮನೆಯವರೊಬ್ಬರು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಎರಡು ಬೆರಳಷ್ಟು ಅಲ್ಲಾಡಿಸಲಿ. ನೀವು ಒಂದೊಂದೇ ಕೀಲಿನ ಮೇಲೆ ಕೈ ಇಟ್ಟು ನೋಡಿ. ಸವೆದ ಕೀಲು ಅಂಗೈಗೆ ಟಕ್ ಎಂದು ಬಡಿಯುತ್ತದೆ. ಸದ್ದು ಪೆಡಲ್ ಹತ್ತಿರ ಕೇಳಿದರೆ ಸ್ಟೀರಿಂಗ್ ರಾಡಿನ ಕ್ರಾಸ್ ನೋಡಿಸಿ. ಬಾಲ್ ಜಾಯಿಂಟನ್ನು ಮೇಸ್ತ್ರಿ ಜಾಕ್ ಕೊಟ್ಟೇ ನೋಡಬೇಕು.

ಟೈ ರಾಡ್ ಎಂಡ್ ಸವೆದಿದ್ದರೆ ಎರಡೂ ಬದಿ ಒಟ್ಟಿಗೆ ಬದಲಿಸಿ, ಅಲೈನ್‌ಮೆಂಟ್ ಮಾಡಿಸಿ. ಈ ಕೀಲು ಕಳಚಿದರೆ ಗಾಲಿ ನಿಮ್ಮ ಮಾತು ಕೇಳುವುದಿಲ್ಲ. ರಿಪೇರಿ ಆಗುವವರೆಗೆ ದಯವಿಟ್ಟು ಲೋಡ್ ಹಾಕಬೇಡಿ, ಹಿಂದೆ ಆಳುಗಳನ್ನು ಕೂರಿಸಬೇಡಿ.