ಉಸಿರು ಕಾಯುವ ಕೆಲಸ: ಸೀಳು ತುಟಿಯ ಕೂಸುಗಳ ತಾಯಂದಿರು ಕಲಿಸಿದ್ದು

ನಾರಾಯಣಖೇಡದ ಕಡೆಯಿಂದ ಹೈದರಾಬಾದಿಗೆ ಸೀಳು ತುಟಿ, ಸೀಳಂಗುಳದ ಕೂಸುಗಳನ್ನು ಕರೆತರುವ ತಾಯಂದಿರಲ್ಲಿ ಕೆಲವರ ಮನೆಮಾತು ಕನ್ನಡ. ಹೊಲಿಯುವವರು ಸರ್ಜನರು, ಅರಿವಳಿಕೆ ಕೊಟ್ಟು ಉಸಿರು ಕಾಯುವವನು ನಾನು. ಈ ಕೆಲಸದಲ್ಲಿ ನನಗೆ ದಾರಿ ತೋರಿಸಿದವರು ಆ ತಾಯಂದಿರೇ.

1. ಮೊದಲು ತಾಯಿಯ ಎದೆಭಾರ ಇಳಿಸಿ. ತೆಲುಗಿನಲ್ಲಿ ಸೀಳು ತುಟಿಗೆ ‘ಗ್ರಹಣಂ ಮೊರ್ರಿ’ ಎನ್ನುತ್ತಾರೆ. ಬಸುರಿಯಿದ್ದಾಗ ಗ್ರಹಣ ನೋಡಿದೆನೆಂದು ಕೊರಗುವವಳಿಗೆ ಹೇಳುತ್ತೇನೆ: “ಮೊದಲ ಮೂರು ತಿಂಗಳಾಗ ಕೂಡಬೇಕಾದ ತುಟಿ, ಅಂಗುಳ ಕೂಡಲಿಲ್ಲ. ನಿನ್ನ ತಪ್ಪಲ್ಲ ತಂಗಿ.” ತಪ್ಪಿತಸ್ಥಳಂತೆ ಕೂತವಳು ಏನನ್ನೂ ಬಿಚ್ಚಿ ಹೇಳುವುದಿಲ್ಲ.

2. “ರಾತ್ರಿ ಹ್ಯಾಂಗ ಮಲಗ್ತದ?” ಎಂದು ಕೇಳಿ. “ಬೋರಲು ಹಾಕಿದರಷ್ಟೇ ನಿದ್ದಿ ಹತ್ತತದ್ರಿ” ಎಂದರೆ ಎಚ್ಚರ. ಅದು ಪಿಯರ್ ರಾಬಿನ್ ಎಂಬ ಹುಟ್ಟುದೋಷವಿರಬಹುದು. ಅಂಥ ಕೂಸಿನ ಗದ್ದ ಚಿಕ್ಕದು. ನಾಲಿಗೆ ಹಿಂದೆ ಜಾರಿ ಗಂಟಲು ಮುಚ್ಚುತ್ತದೆ. ಇಂಥ ಕೂಸು ಬೆಳೆದಂತೆ ಉಸಿರಿನ ನಳಿಕೆ ಇಳಿಸುವುದು ಸಾಮಾನ್ಯವಾಗಿ ಸುಲಭವಾಗುತ್ತದೆ. ಟ್ರೀಚರ್ ಕಾಲಿನ್ಸ್ ಎಂಬ ಇನ್ನೊಂದು ಹುಟ್ಟುದೋಷದಲ್ಲಿ ಬೆಳೆದಂತೆ ಕಷ್ಟವಾಗಬಹುದು. ಹಿಂದಿನ ಆಪರೇಷನ್ನಿನ ಚೀಟಿಯನ್ನಷ್ಟೇ ನಂಬಬೇಡಿ.

3. ಕನಿಕರಕ್ಕೆ ಸೋಲಬೇಡಿ. ತುಟಿ ಹೊಲಿಯಲು ಹಳೆಯ ಸೂತ್ರವಿದೆ: 10 ವಾರ, 10 ಪೌಂಡ್ (ಸುಮಾರು ನಾಲ್ಕೂವರೆ ಕಿಲೋ), 10 ಗ್ರಾಂ ಹಿಮೋಗ್ಲೋಬಿನ್. ಜ್ವರ, ಕಫದ ಕೆಮ್ಮು ಇದ್ದರೆ ಕೆಲವು ವಾರ ಮುಂದೂಡಿ. ಹೃದಯದಲ್ಲಿ ಅಸಹಜ ಸದ್ದು ಕೇಳಿದರೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ. ದೂರದಿಂದ ಬಂದಿದ್ದಾರೆಂದು ಅಪಾಯ ಕಡಿಮೆಯಾಗದು.

4. “ಊಟ ಆಗಿದೆಯೇ?” ಎಂದಷ್ಟೇ ಕೇಳಬೇಡಿ. ಒಮ್ಮೆ ಒಬ್ಬ ತಾಯಿಯನ್ನು ನಾನು ಹಾಗೆ ಕೇಳಿದ್ದೆ, “ಇಲ್ರಿ” ಅಂದಳು. ಕೂಸಿಗೆ ಚಹಾದಲ್ಲಿ ಅದ್ದಿ ತಿನ್ನಿಸಿದ ಬಿಸ್ಕಿಟ್ ಅವಳ ಲೆಕ್ಕದಲ್ಲಿ ಊಟವಲ್ಲ. ಈಗ ಒಂದೊಂದಾಗಿ ಹೇಳುತ್ತೇನೆ: ಎಮ್ಮೆ ಹಾಲು, ಬಿಸ್ಕಿಟ್ ಅರಿವಳಿಕೆಗೆ 6 ತಾಸು ಮೊದಲೇ ನಿಲ್ಲಿಸಿ, ಎದೆಹಾಲು 4 ತಾಸು, ಬರೀ ನೀರನ್ನು 2 ತಾಸು ಮೊದಲಿನವರೆಗೂ ಕುಡಿಸಿ. ಬಸ್ಸಿನ ದಾರಿಯುದ್ದಕ್ಕೂ ಕೂಸನ್ನು ಒಣಗಿಸುವುದೂ ತಪ್ಪೇ.

5. ಕೂಸಿನ ಸ್ವಂತ ಉಸಿರನ್ನು ಅವಸರದಲ್ಲಿ ಕಸಿಯಬೇಡಿ. ತೂಕಕ್ಕೆ ಹೋಲಿಸಿದರೆ ಅದಕ್ಕೆ ದೊಡ್ಡವರ ಎರಡರಷ್ಟು ಆಮ್ಲಜನಕ ಬೇಕು; ನೀಲಿಗಟ್ಟಲು ಹೊತ್ತು ಹಿಡಿಯದು. ಗಂಟಲು ಕಷ್ಟದ್ದೆನಿಸಿದರೆ ಸೆವೊಫ್ಲುರೇನ್ ಅರಿವಳಿಕೆ ಕೊಟ್ಟು ತಾನೇ ಉಸಿರಾಡಲು ಬಿಡುತ್ತೇನೆ. ಉಸಿರಿನ ದಾರಿ ತೆರೆದಿಡುವ ಲಾರಿಂಜಿಯಲ್ ಮಾಸ್ಕ್ ಪಕ್ಕದಲ್ಲೇ ಇರುತ್ತದೆ. ಅಂಗುಳ ಹೊಲಿಯಲು ಬಾಯಿ ಅಗಲಿಸಿದಾಗ ನಳಿಕೆ ಒತ್ತಿಹೋಗಬಹುದು. ಆಗ ಮತ್ತೊಮ್ಮೆ ಎದೆ ಆಲಿಸಿ.

6. ಹೊಲಿಗೆ ಮುಗಿದಾಗ, ಗಂಟಲಿಗಿಟ್ಟ ಗಾಜ್ ಬಟ್ಟೆ ಹೊರಬಂದದ್ದನ್ನು ಗಟ್ಟಿಯಾಗಿ ಹೇಳಿ, ಬರೆದಿಡಿ. ಕೂಸು ಪೂರ್ತಿ ಎಚ್ಚರವಾದ ಮೇಲೆಯೇ ನಳಿಕೆ ತೆಗೆಯಿರಿ. ಅಂಗುಳ ಮುಚ್ಚಿ, ನಾಲಿಗೆ ಬಾತಿದ್ದರೆ ಉಸಿರಿನ ದಾರಿ ಕಿರಿದಾಗಿರುತ್ತದೆ. ಆ ರಾತ್ರಿ ನರ್ಸ್ ಇರುತ್ತಾರೆ, ಮಾನಿಟರ್ ಇರುತ್ತದೆ. ಆದರೂ ತಾಯಿಯನ್ನು ಪಕ್ಕದಲ್ಲೇ ಕೂರಿಸಿ ಹೇಳುತ್ತೇನೆ: “ಸದ್ದು ಬ್ಯಾರೆ ಅನ್ನಿಸಿದರ ಕೂಗು ತಂಗಿ.” ಹುಟ್ಟಿದ ದಿನದಿಂದ ಆ ಉಸಿರನ್ನು ಕೇಳುತ್ತಾ ಎಚ್ಚರವಿದ್ದವಳು ಅವಳೇ.